ಸಚಿವರೇ, ಮುಗಿಯುವ ತಾರೀಖು ಇಷ್ಟು ಬೇಗ ಹೇಳಬೇಡಿ

ಮಾನ್ಯ ಯೋಜನಾ ಸಚಿವರಿಗೆ ನಮಸ್ಕಾರ.

ಹೊಸ ಕಾಮಗಾರಿಗಳ ಪಟ್ಟಿ ಓದುವಾಗ ನೀವು ಒಂದೊಂದರ ಮುಂದೆಯೂ ಮುಗಿಯುವ ತಾರೀಖು ಹೇಳಿದಿರಿ. ಚಪ್ಪಾಳೆ ಬಿತ್ತು. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಇನ್ನೂ ನಕ್ಷೆ ಆಗಿಲ್ಲ, ಜಾಗ ಕೈಗೆ ಬಂದಿಲ್ಲ, ಮಣ್ಣು ಪರೀಕ್ಷೆಯೂ ನಡೆದಿಲ್ಲ. ನಾನು ಪ್ರಾಜೆಕ್ಟ್‌ಗಳಿಗೆ ವೇಳಾಪಟ್ಟಿ ಹಾಕುವ ಕೆಲಸದವನು. ನೀವು ಹೇಳಿದ ತಾರೀಖು ನಮ್ಮ ಮೇಜಿಗೆ ಬಂದ ಮೇಲೆ ಏನಾಗುತ್ತದೆ ಅನ್ನೋದು ನಿಮ್ಮವರೆಗೆ ಬರುವುದೇ ಇಲ್ಲ, ಅದಕ್ಕೇ ಈ ಪತ್ರ.

ಮೊದಲು ಉದ್ಘಾಟನೆಯ ದಿನಕ್ಕೆ ಗುರುತು ಹಾಕುತ್ತೇವೆ. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬರುತ್ತೇವೆ. ಎಣಿಸಿ ಮುಗಿಸಿದರೆ ಕೆಲಸ ಹೋದ ವರ್ಷವೇ ಶುರುವಾಗಬೇಕಿತ್ತು ಅಂತ ಬರುತ್ತದೆ! ಆಗ ಕತ್ತರಿ ಹೊರಬರುತ್ತದೆ. ಅದು ಮೊದಲು ಬೀಳುವುದು ಆರಂಭದ ಅಧ್ಯಯನದ ಮೇಲೆ, ಆಮೇಲೆ ಕೊನೆಯ ಪರೀಕ್ಷೆಗಳ ಮೇಲೆ. ನಡುವಿನ ಕಟ್ಟುವ ಕೆಲಸವನ್ನು ಯಾರೂ ಮುಟ್ಟುವುದಿಲ್ಲ, ಯಾಕೆಂದರೆ ಫೋಟೋದಲ್ಲಿ ಕಾಣುವುದು ಅದೊಂದೇ. ಒಂದಾದ ಮೇಲೆ ಒಂದು ನಡೆಯಬೇಕಾದ ಕೆಲಸಗಳನ್ನು ಒಟ್ಟೊಟ್ಟಿಗೆ ನಡೆಯುವಂತೆ ಚಾರ್ಟ್‌ನಲ್ಲಿ ಎಳೆದುಬಿಡುತ್ತೇವೆ. ಕಾಗದದ ಮೇಲೆ ಎಲ್ಲಾ ಸರಿಹೋಗುತ್ತದೆ.

ಒಂದು ಪಂಪ್‌ಹೌಸ್ ತೆಗೆದುಕೊಳ್ಳಿ. ದೊಡ್ಡ ಪಂಪ್ ಕೂರಿಸಲು ಕಾಂಕ್ರೀಟ್ ಬುಡ ಬೇಕು, ಬುಡದಲ್ಲಿ ಬೋಲ್ಟ್‌ಗಳು ಬೇಕು. ಆ ಬೋಲ್ಟ್‌ಗಳು ಎಲ್ಲೆಲ್ಲಿ ಬರಬೇಕು, ಬುಡ ಎಷ್ಟು ಭಾರ ತಡೆಯಬೇಕು ಅಂತ ಹೇಳುವುದು ಪಂಪ್ ತಯಾರಿಸುವವರ ನಕ್ಷೆ. ಆ ನಕ್ಷೆ ಬರುವುದು ಪಂಪ್‌ಗೆ ಆರ್ಡರ್ ಕೊಟ್ಟ ಮೇಲೆ. ಅಂದರೆ ಎಲ್ಲಕ್ಕಿಂತ ಕೊನೆಗೆ ಕೂರಿಸುವ ವಸ್ತುವನ್ನು ಎಲ್ಲಕ್ಕಿಂತ ಮೊದಲು ತೀರ್ಮಾನ ಮಾಡಬೇಕು. ಇದು ಪ್ಲಾನಿಂಗ್ ಹಂತದ ಕೆಲಸ. ಆ ಹಂತವನ್ನು ಅವಸರದಲ್ಲಿ ದಾಟಿದರೆ, ಇಂಥದ್ದೇ ಪಂಪ್ ಬರುತ್ತದೆ ಅಂತ ಅಂದಾಜು ಮಾಡಿ ಕಾಂಕ್ರೀಟ್ ಸುರಿಯುತ್ತಾರೆ. ಟೆಂಡರ್‌ನಲ್ಲಿ ಬೇರೆ ಪಂಪ್ ಬರುತ್ತದೆ. ಬೋಲ್ಟ್ ಕೂರುವುದಿಲ್ಲ. ಬುಡ ಒಡೆದು ಮತ್ತೆ ಕಟ್ಟಬೇಕು. ಕಾಂಕ್ರೀಟಿನ ಬಲವನ್ನು ಅಳೆಯುವುದು 28ನೇ ದಿನಕ್ಕೆ, ಅದಕ್ಕೆ ನಿಮ್ಮ ತಾರೀಖಿನ ಹಂಗಿಲ್ಲ.

ಪ್ರಾಜೆಕ್ಟಿನ ಆಯುಷ್ಯವನ್ನು ಸಾಮಾನ್ಯವಾಗಿ ನಾಲ್ಕು ಹಂತ ಮಾಡುತ್ತಾರೆ: ಬೇಕಾ ಬೇಡವಾ ಅಂತ ನೋಡುವುದು, ಪ್ಲಾನ್ ಮಾಡುವುದು, ಕಟ್ಟುವುದು, ಒಪ್ಪಿಸುವುದು. ಮೊದಲೆರಡರಲ್ಲಿ ಖರ್ಚು ಕಡಿಮೆ, ಬದಲಾಯಿಸುವ ಅವಕಾಶ ಜಾಸ್ತಿ. ಮೂರನೆಯದಕ್ಕೆ ಕಾಲಿಟ್ಟ ಮೇಲೆ ಇದು ತಿರುವುಮುರುವು. ಇಷ್ಟು ಸರಳ ಲೆಕ್ಕ ಎಲ್ಲರಿಗೂ ಗೊತ್ತು, ಆದರೂ ನಿಮ್ಮ ಕಚೇರಿಯಿಂದ ಬರುವ ಪತ್ರಗಳಲ್ಲಿ ಕೆಲಸ ಶುರುವಾಯಿತು ಅಂತ ಬರೆಯುವುದು ಅಡಿಗಲ್ಲು ಬಿದ್ದ ದಿನದಿಂದ ಮಾತ್ರ.

ಸಿಡ್ನಿಯ ಒಪೆರಾ ಹೌಸ್ ಕಥೆ ನಿಮಗೂ ಗೊತ್ತಿರಬಹುದು. ಮೇಲಿನ ಚಿಪ್ಪಿನಾಕಾರದ ಚಾವಣಿಗಳನ್ನು ಹೇಗೆ ಕಟ್ಟುವುದು ಅಂತ ತೀರ್ಮಾನವಾಗುವ ಮೊದಲೇ, ಸರ್ಕಾರದ ಒತ್ತಡಕ್ಕೆ 1959ರಲ್ಲಿ ಕೆಳಗಿನ ಕಟ್ಟೆಯ ಕೆಲಸ ಶುರು ಮಾಡಿದರು. ಆಮೇಲೆ ನೋಡಿದರೆ ಕಟ್ಟೆಯ ಕಂಬಗಳಿಗೆ ಆ ಚಿಪ್ಪುಗಳನ್ನು ಹೊರುವ ಶಕ್ತಿ ಇರಲಿಲ್ಲ, ಮತ್ತೆ ಕಟ್ಟಬೇಕಾಯಿತು. 1963ಕ್ಕೆ ಮುಗಿಯಬೇಕಿದ್ದದ್ದು 1973ಕ್ಕೆ ಮುಗಿಯಿತು. 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಂದಾಜು 10 ಕೋಟಿ ದಾಟಿತು. ಕೊನೆಗೆ ಜಗತ್ಪ್ರಸಿದ್ಧ ಆಯಿತಲ್ವಾ ಅನ್ನುತ್ತೀರಿ. ಆಯಿತು, ಒಪ್ಪಿದೆ. ಆದರೆ ನಿಮ್ಮ ಪಟ್ಟಿಯಲ್ಲಿರುವ ಒಳಚರಂಡಿ ನೋಡಲು ಯಾರೂ ಟಿಕೆಟ್ ಕೊಂಡು ಬರುವುದಿಲ್ಲ.

ಕೊನೆಯ ಹಂತಕ್ಕೆ ಕತ್ತರಿ ಹಾಕುವುದು ಎಂಥದ್ದು ಅಂತ ನೋಡಬೇಕಿದ್ದರೆ ಬರ್ಲಿನ್‌ನ ಹೊಸ ವಿಮಾನ ನಿಲ್ದಾಣವಿದೆ. 2012ರ ಜೂನ್ 3ಕ್ಕೆ ತೆರೆಯುವುದು ಅಂತ ನಿಗದಿಯಾಗಿತ್ತು. ಇನ್ನೂ ನಾಲ್ಕು ವಾರವೂ ಇಲ್ಲ ಅನ್ನುವಾಗ ರದ್ದಾಯಿತು. ಮುಖ್ಯ ಕಾರಣ ಬೆಂಕಿ ಸುರಕ್ಷತೆ: ಬೆಂಕಿ ಬಿದ್ದರೆ ಹೊಗೆಯನ್ನು ಹೊರಗೆ ತಳ್ಳುವ ವ್ಯವಸ್ಥೆ ಕೆಲಸಕ್ಕೆ ಸಿದ್ಧವಿರಲಿಲ್ಲ. ಬಾಗಿಲು ತೆರೆದದ್ದು 2020ರ ಅಕ್ಟೋಬರ್ 31ಕ್ಕೆ. ಹಿರಿಯ ಎಂಜಿನಿಯರ್‌ಗಳಿರುವ, ದುಡ್ಡಿರುವ ದೇಶ ಅದು.

ಇದರಲ್ಲಿ ಸುಳ್ಳು ಹೇಳುವವರು ಇಲ್ಲವೇ ಇಲ್ಲ ಅನ್ನುವುದಿಲ್ಲ. ಅಂದಾಜು ಕಡಿಮೆ ತೋರಿಸಿದರೆ ಮಂಜೂರಾತಿ ಬೇಗ ಸಿಗುತ್ತದೆ, ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ಆದರೆ ಪ್ರಾಮಾಣಿಕರೂ ಕಡಿಮೆಯೇ ಹೇಳುತ್ತಾರೆ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ನಾವು ನಮ್ಮ ಕೆಲಸದ ಒಳಗೇ ಮುಳುಗಿ ಲೆಕ್ಕ ಹಾಕುತ್ತೇವೆ, ಇಂಥದ್ದೇ ಹಳೆಯ ಕೆಲಸಗಳಿಗೆ ನಿಜವಾಗಿ ಎಷ್ಟು ಕಾಲ ಹಿಡಿಯಿತು ಅಂತ ತಿರುಗಿ ನೋಡುವುದಿಲ್ಲ. ನಾರ್ವೆಯವರು ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. 2000ದಿಂದ ಅಲ್ಲಿ ದೊಡ್ಡ ಸರ್ಕಾರಿ ಪ್ರಾಜೆಕ್ಟ್‌ಗಳ ಅಂದಾಜನ್ನು ಸಂಸತ್ತು ಹಣ ಕೊಡುವ ಮೊದಲು ಹೊರಗಿನ ತಜ್ಞರು ಪರೀಕ್ಷಿಸುತ್ತಾರೆ. 2005ರಿಂದ ಅದಕ್ಕೂ ಮೊದಲೇ, ಯಾವ ದಾರಿ ಹಿಡಿಯುವುದು ಅನ್ನುವ ಹಂತದಲ್ಲೇ, ಇನ್ನೊಂದು ತಪಾಸಣೆ ಇದೆ. ನಮಗೆ ಬೇಕಿರುವುದೂ ಇದೇ. ಪ್ರತಿ ಹಂತದ ಕೊನೆಗೆ ಒಂದು ಗೇಟು. ಅಲ್ಲಿ ನಿಲ್ಲಿಸಿ, ಲೆಕ್ಕ ನೋಡಿ, ಮುಂದಿನ ಹಂತಕ್ಕಷ್ಟೇ ಸಹಿ ಹಾಕಿ. ಕೆಲವಕ್ಕೆ ಬೇಡ ಅನ್ನಿ. ಎಲ್ಲವೂ ಪಾಸಾಗುವ ಗೇಟು ಸುಮ್ನೆ ಶೋಕಿಗೆ.

ಪ್ರಗತಿ ಪರಿಶೀಲನಾ ಸಭೆಗಳಲ್ಲಿ ನೀವು ಕೇಳುವುದು ಒಂದೇ ಪ್ರಶ್ನೆ, ಎಷ್ಟು ಪರ್ಸೆಂಟ್ ಆಯಿತು? ತೊಂಬತ್ತು ಅನ್ನುತ್ತಾರೆ. ಮುಂದಿನ ಸಭೆಯಲ್ಲೂ ತೊಂಬತ್ತು. ಖರ್ಚಾದ ಹಣವನ್ನೇ ಆದ ಕೆಲಸ ಅಂತ ಎಣಿಸಿದರೆ ಹೀಗೇ ಆಗುವುದು. ಬದಲಿಗೆ ಏನು ಬಾಕಿ ಇದೆ, ಯಾವ ಕೆಲಸ ಯಾವುದಕ್ಕೆ ಕಾಯುತ್ತಿದೆ ಅಂತ ಕೇಳಿ ನೋಡಿ. ಒಂದನ್ನೊಂದು ಕಾಯುವ ಕೆಲಸಗಳಲ್ಲಿ ಅತಿ ಉದ್ದದ ಸರಪಳಿಯೇ ಇಡೀ ಪ್ರಾಜೆಕ್ಟಿನ ಕಾಲ. ಇದನ್ನು ಲೆಕ್ಕ ಹಾಕುವ ಕ್ರಿಟಿಕಲ್ ಪಾತ್ ವಿಧಾನ 1950ರ ದಶಕದ್ದು, ಹೊಸದೇನಲ್ಲ. ಆ ಸರಪಳಿಯಲ್ಲಿ ಇಲ್ಲದ ಕೆಲಸಕ್ಕೆ ಹಗಲು ರಾತ್ರಿ ಜನ ಹಾಕಿದರೂ ಮುಗಿಯುವ ದಿನ ಒಂದು ದಿನವೂ ಹಿಂದಕ್ಕೆ ಬರುವುದಿಲ್ಲ. ಹೆಚ್ಚು ಜನ ಹಾಕಿ ಅಂತ ಆದೇಶ ಕೊಡುವ ಮೊದಲು ಇದನ್ನೊಮ್ಮೆ ಕೇಳಿಸಿಕೊಳ್ಳಿ.

ಇನ್ನು ಒಪ್ಪಿಸುವ ಹಂತ. ಇದಕ್ಕೆ ನಿಮ್ಮ ಬಜೆಟ್‌ನಲ್ಲಿ ಸಾಲೇ ಇಲ್ಲ. ರಿಬ್ಬನ್ ಕತ್ತರಿಸಿದ ಮರುದಿನ ಪಂಪ್ ಚಾಲೂ ಮಾಡುವವರು ಯಾರು, ಅವರಿಗೆ ಕಲಿಸಿದವರು ಯಾರು, ಕರೆಂಟ್ ಬಿಲ್ ಯಾವ ಇಲಾಖೆಯದು, ಕಟ್ಟಿದ ಹಾಗೇ ಇರುವ ನಕ್ಷೆ ಯಾರ ಬಳಿ ಇದೆ? ಇವಕ್ಕೆ ಉತ್ತರ ಬರೆದಿಡಬೇಕಾದದ್ದು ಪ್ಲಾನಿಂಗ್ ಹಂತದಲ್ಲಿ, ನಡೆಸುವ ಇಲಾಖೆಯವರನ್ನು ಮೊದಲ ಸಭೆಯಿಂದಲೇ ಕೂರಿಸಿಕೊಂಡು.

ನಾನು ಕೇಳುವುದು ಇಷ್ಟು. ಈಗಾಗಲೇ ಹೇಳಿದ ತಾರೀಖುಗಳನ್ನು ವಾಪಸ್ ಪಡೆಯುವುದು ಕಷ್ಟ ಅಂತ ಗೊತ್ತು. ಹೊಸದಾಗಿ ಸೇರುವ ಕಾಮಗಾರಿಗಳಿಗಾದರೂ ನಕ್ಷೆ, ಜಾಗ, ಅಂದಾಜು ಮೂರೂ ಸಿದ್ಧವಾಗುವ ದಿನವನ್ನು ಮಾತ್ರ ಪ್ರಕಟಿಸಿ. ಮುಗಿಯುವುದು ಯಾವಾಗ ಅಂತ ಪತ್ರಕರ್ತರು ಕೇಳಿಯೇ ಕೇಳುತ್ತಾರೆ. ನಕ್ಷೆ ಮುಗಿದ ದಿನ ಹೇಳುತ್ತೇನೆ ಅನ್ನಿ. ಒಂದು ದಿನ ಟ್ರೋಲ್ ಮಾಡಬಹುದು, ಮಾಡಲಿ ಬಿಡಿ.

ಇಂತಿ,
ವೇಳಾಪಟ್ಟಿ ಹಾಕುವವನೊಬ್ಬ