ಲೇಸರ್ ಯಂತ್ರದ ಅಂಕಿಗಳು ಚಿಕಿತ್ಸೆ ಪಡೆದವರ ಕೈಗೂ ಸಿಗಲಿ

ಮಾನ್ಯ ಕೊಡಗು ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲೆಯ ನೋಂದಣಿ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರು. ಆದ್ದರಿಂದ ಈ ಪತ್ರ ತಮಗೆ.

ಕಾಫಿ ಕೊಯ್ಲು ಮುಗಿದ ಮೇಲೆ ನನ್ನ ತಂಗಿಯ ಮಗಳು ಲೇಸರ್‌ನಿಂದ ಮುಂಗೈ ಕೂದಲು ತೆಗೆಸಿಕೊಂಡಳು. ಬೊಬ್ಬೆ ಎದ್ದು, ಕಪ್ಪು ಕಲೆ ಉಳಿಯಿತು. ಆಮೇಲೆ ನೋಡಿದ ಚರ್ಮವೈದ್ಯರು ಕೇಳಿದ್ದು: ಯಾವ ಯಂತ್ರ, ಎಷ್ಟು ಜೂಲ್ (ಬೆಳಕಿನ ಶಕ್ತಿಯ ಅಳತೆ), ಪಲ್ಸ್ (ಬೆಳಕಿನ ಒಂದು ಮಿಂಚು) ಎಷ್ಟು ಹೊತ್ತಿನದು? ಅವಳ ಬಳಿ ಇದ್ದದ್ದು ಹಣದ ರಸೀದಿ ಮಾತ್ರ.

ಕೂದಲಿನ ಬುಡದಲ್ಲಿ ಲೇಸರ್ ಬೆಳಕನ್ನು ಹೀರುವುದು ಮೆಲನಿನ್ ಎಂಬ ಕಪ್ಪು ಬಣ್ಣದ ವಸ್ತು. ಅದೇ ಮೆಲನಿನ್ ಚರ್ಮದ ಮೇಲ್ಪದರದಲ್ಲೂ ಇದೆ. ತಿಂಗಳುಗಟ್ಟಲೆ ತೋಟದ ಬಿಸಿಲುಂಡ ಕೈಯಲ್ಲಿ ಇನ್ನೂ ಹೆಚ್ಚು. 755 ನ್ಯಾನೋಮೀಟರ್ ತರಂಗಾಂತರದ ಅಲೆಕ್ಸಾಂಡ್ರೈಟ್ ಲೇಸರ್ ಬಿಳಿ ಮೈಬಣ್ಣಕ್ಕೆ ಒಗ್ಗಿದರೂ ನಮ್ಮಂಥವರ ಚರ್ಮವನ್ನು ಸುಡಬಲ್ಲದು. 1064 ನ್ಯಾನೋಮೀಟರ್‌ನ ಎನ್‌ಡಿ ಯಾಗ್ ಎಂಬ ಇನ್ನೊಂದು ಲೇಸರ್‌ನ ಬೆಳಕನ್ನು ಮೆಲನಿನ್ ಕಡಿಮೆ ಹೀರುವುದರಿಂದ ಕಪ್ಪು ಚರ್ಮಕ್ಕೆ ಅದು ಹೆಚ್ಚು ಸುರಕ್ಷಿತ.

ಜೂಲ್ ಒಂದನ್ನೇ ನೋಡಿದರೂ ಸಾಲದು. ಚದರ ಸೆಂಟಿಮೀಟರಿಗೆ 20 ಜೂಲ್ ಶಕ್ತಿಯನ್ನು 3 ಮಿಲಿಸೆಕೆಂಡಿನಲ್ಲಿ ಸುರಿದರೆ ಮೇಲ್ಪದರಕ್ಕೆ ಬಿಸಿ ಬಿಟ್ಟುಕೊಡಲು ಪುರುಸೊತ್ತಿಲ್ಲ. ಅದನ್ನೇ 30 ಮಿಲಿಸೆಕೆಂಡಿಗೆ ಹರಡಿದರೆ ಮೇಲ್ಪದರ ತಣಿಯುತ್ತಾ ಹೋಗುತ್ತದೆ, ದಪ್ಪ ಕೂದಲಿನ ಬುಡ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಳಕು ಬೀಳುವ ವೃತ್ತ ದೊಡ್ಡದಾದಂತೆ ಅದೇ ಶಕ್ತಿ ಇನ್ನಷ್ಟು ಆಳಕ್ಕಿಳಿಯುತ್ತದೆ. ಕೂದಲು ತೆಗೆಯಲು ಬಳಸುವ ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್) ಅಂತೂ ಲೇಸರೇ ಅಲ್ಲ. ಹಲವು ತರಂಗಾಂತರಗಳ ಬೆಳಕನ್ನು ಫಿಲ್ಟರ್ ಹಾಕಿ ಸೋಸುವ ಯಂತ್ರ ಅದು. ಹೀಗಿರುವಾಗ ಒಂದು ಯಂತ್ರದ ಅಂಕಿಯನ್ನು ಇನ್ನೊಂದಕ್ಕೆ, ಒಬ್ಬರಿಗೆ ಹೊಂದಿದ್ದನ್ನು ಎಲ್ಲರಿಗೂ ಹಾಕುವುದು ಅಕ್ಷಮ್ಯ.

ದುಬಾರಿಯಾದದ್ದೇನನ್ನೂ ನಾನು ಕೇಳುತ್ತಿಲ್ಲ. ಪ್ರತಿ ಸಲದ ಚಿಕಿತ್ಸೆಯ ನಂತರ ಒಂದು ಚೀಟಿ ಕೊಡುವುದನ್ನು ಕಡ್ಡಾಯ ಮಾಡಿ: ಯಂತ್ರದ ಹೆಸರು, ತರಂಗಾಂತರ, ಜೂಲ್, ಪಲ್ಸ್ ಅವಧಿ, ವೃತ್ತದ ಅಳತೆ, ತಂಪು ಮಾಡಿದ ಬಗೆ, ಮೈಬಣ್ಣ ಮತ್ತು ಬಿಸಿಲಿಗೆ ಚರ್ಮ ಸ್ಪಂದಿಸುವ ಬಗೆ ನೋಡಿ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಅಳತೆಯಲ್ಲಿ 1ರಿಂದ 6ರೊಳಗೆ ಚರ್ಮದ ವರ್ಗ, ಯಂತ್ರ ಹಿಡಿದವರ ಹೆಸರು ಮತ್ತು ಅರ್ಹತೆ. ಮೊದಲು ಸಣ್ಣ ಜಾಗದಲ್ಲಿ ಪರೀಕ್ಷಿಸಿ ನೋಡಿದ್ದರೆ ಅದರ ದಿನಾಂಕವೂ ಇರಲಿ. ಸುಟ್ಟಾಗ ಮುಂದಿನ ವೈದ್ಯರಿಗೂ, ದೂರು ಬಂದರೆ ತಮಗೂ ಆಧಾರ ಅದೇ.

ನೋಂದಣಿಯಿಲ್ಲದ ಬ್ಯೂಟಿ ಪಾರ್ಲರ್‌ಗಳಲ್ಲಿ ಇಂಥ ಯಂತ್ರಗಳು ಓಡುತ್ತಿವೆಯೇ ಎಂಬುದನ್ನೂ ಜಿಲ್ಲಾ ಆರೋಗ್ಯಾಧಿಕಾರಿಗಳಿಂದ ತಪಾಸಣೆ ಮಾಡಿಸಿ. ಕೊಯ್ಲು ಮುಗಿದ ಬೆನ್ನಿಗೇ ಮದುವೆಗಳ ಕಾಲ ಬರುತ್ತದೆ. ಬಿಸಿಲಿಗೆ ಕಂದಿದ ಮೈಯಲ್ಲೇ ಹೆಣ್ಣುಮಕ್ಕಳು ಚಿಕಿತ್ಸೆಗೆ ಹೋಗುತ್ತಾರೆ. ಸುತ್ತೋಲೆ ಅದಕ್ಕೆ ಮುಂಚೆಯೇ ಹೊರಡಬೇಕೆಂದು ಕೋರುತ್ತೇನೆ.

ಇತಿ,
ಪೊನ್ನಂಪೇಟೆ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ