ಸೈಕಲ್ ಮೇಲೆ ಟೆಲಿಸ್ಕೋಪ್: ಪತ್ರಿಕೆಯಿಂದ ಒಂದು ಸಹಾಯ ಬೇಕು

ಸಂಪಾದಕರೇ,

ಸೈಕಲ್ಲಿಗೆ ಟೆಲಿಸ್ಕೋಪ್ ಕಟ್ಟಿಕೊಂಡು ನೂರಾರು ಕಿಲೋಮೀಟರ್ ಹೋಗಿ, ಗುರುತು ಪರಿಚಯ ಇಲ್ಲದವರಿಗೆ ಆಕಾಶ ತೋರಿಸುವವರ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಬರಹ ಚೆನ್ನಾಗಿಯೇ ಇರುತ್ತದೆ. ಆದರೆ ಎಷ್ಟು ದೂರ ತುಳಿದರು, ಎಷ್ಟು ಕಷ್ಟಪಟ್ಟರು ಅನ್ನುವುದೇ ಜಾಸ್ತಿ. ಪಕ್ಕದಲ್ಲಿ ಹಬಲ್ ಬಾಹ್ಯಾಕಾಶ ಟೆಲಿಸ್ಕೋಪ್ ತೆಗೆದ ಬಣ್ಣಬಣ್ಣದ ಫೋಟೊ ಬೇರೆ. ನಾನೂ ಇದೇ ಕೆಲಸ ಮಾಡುವವನು, ಹಾಗಾಗಿ ಹೇಳುತ್ತಿದ್ದೇನೆ: ಆ ಫೋಟೊ ನಮಗೆ ತುಂಬಾ ತೊಂದರೆ ಕೊಡುತ್ತದೆ.

ಸೈಕಲ್ ಮೇಲೆ ಹೋಗುವ ಟೆಲಿಸ್ಕೋಪ್ ಎಷ್ಟು ದೊಡ್ಡದಿರಲು ಸಾಧ್ಯ, ನೀವೇ ಹೇಳಿ. 60ರಿಂದ 80 ಮಿಲಿಮೀಟರ್ ಅಗಲದ ಲೆನ್ಸು, ಕನ್ನಡಿಯದ್ದಾದರೆ ಹೆಚ್ಚೆಂದರೆ 130. ಕನ್ನಡಿಯದ್ದನ್ನು ಒಯ್ದರೆ ರಸ್ತೆಯ ಕುಲುಕಾಟಕ್ಕೆ ಕನ್ನಡಿಗಳು ಸರಿದಿರುತ್ತವೆ, ಸಂಜೆ ಇಳಿಸಿದ ತಕ್ಷಣ ಸ್ಕ್ರೂ ತಿರುಗಿಸಿ ಸರಿಮಾಡಿಕೊಳ್ಳಬೇಕು. ಇನ್ನು ಟ್ರೈಪಾಡು. ಹಗುರವಾದದ್ದು ತಂದರೆ ಗಾಳಿಗೆ ಅಲುಗಾಡುತ್ತದೆ, ಭಾರದ್ದು ತಂದರೆ ಏರಿನಲ್ಲಿ ಜೀವ ಹೋಗುತ್ತದೆ. ಇಷ್ಟೆಲ್ಲಾ ಮಾಡಿ ಮಹಾವ್ಯಾಧ ನಕ್ಷತ್ರಪುಂಜದ ನೆಬ್ಯುಲಾವನ್ನು, ಅಂದರೆ ಅನಿಲ ದೂಳಿನ ಮೋಡವನ್ನು, ತೋರಿಸಿದರೆ ನೋಡಿದವರು, ‘ಇದೇನು, ಬರೀ ಬೂದು ಮಸುಕು, ಪೇಪರಲ್ಲಿ ಕೆಂಪಗಿತ್ತಲ್ಲ’ ಅನ್ನುತ್ತಾರೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಗೊತ್ತಾಗುವುದಿಲ್ಲ, ಕ್ಯಾಮೆರಾ ಮಾತ್ರ ಬೆಳಕನ್ನು ತುಂಬಾ ಹೊತ್ತು ಕೂಡಿಹಾಕಬಲ್ಲದು. ಇದನ್ನು ಒಬ್ಬೊಬ್ಬರಿಗೂ ಹೇಳುತ್ತಾ ಕೂರಬೇಕು. 2025ರಲ್ಲಂತೂ ಶನಿಯ ಉಂಗುರ ಅಂಚಿನ ಕಡೆಯಿಂದ ಕಾಣುತ್ತಿತ್ತು, ಸುಮಾರು 15 ವರ್ಷಕ್ಕೊಮ್ಮೆ ಹಾಗಾಗುತ್ತದೆ. ಉಂಗುರ ಅಂದರೆ ಒಂದು ಸಣ್ಣ ಗೆರೆ ಅಷ್ಟೇ. ಪತ್ರಿಕೆಯ ಚಿತ್ರ ನೋಡಿಕೊಂಡು ಬಂದವರಿಗೆ ನಾನೇ ಏನೋ ಮೋಸ ಮಾಡಿದಂತೆ ಕಂಡಿರಬೇಕು!

ಹಾಗಂತ ಸಣ್ಣ ಟೆಲಿಸ್ಕೋಪಿನಲ್ಲಿ ಏನೂ ಕಾಣುವುದಿಲ್ಲ ಅಂತಲ್ಲ. ಅಷ್ಟಮಿಯ ಆಸುಪಾಸಿನ ಚಂದ್ರನನ್ನು ನೋಡಿ, ಬೆಳಕು ಕತ್ತಲು ಸೇರುವ ಗೆರೆಯಲ್ಲಿ ಕುಳಿಗಳ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ಹುಣ್ಣಿಮೆಯ ದಿನ ಆ ನೆರಳೇ ಇರುವುದಿಲ್ಲ, ಎಲ್ಲಾ ಚಪ್ಪಟೆ. ಗುರುವಿನ ನಾಲ್ಕು ದೊಡ್ಡ ಚಂದ್ರರನ್ನು ಗೆಲಿಲಿಯೋ 1610ರಲ್ಲಿ ಕಂಡದ್ದು ಸುಮಾರು ಇಪ್ಪತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೊಳವೆಯಲ್ಲಿ. ನಮ್ಮ ಕ್ಯಾರಿಯರ್ ಮೇಲಿರುವುದು ಅದಕ್ಕಿಂತ ಎಷ್ಟೋ ವಾಸಿ.

ಕಾರಿನಲ್ಲಿ ದೊಡ್ಡದನ್ನೇ ಒಯ್ಯಬಹುದಲ್ವಾ ಅಂತ ಕೇಳುವವರಿದ್ದಾರೆ. ಒಯ್ಯಬಹುದು, ಜಾಸ್ತಿಯೂ ಕಾಣುತ್ತದೆ. ಆದರೆ ಕಾರಿನಿಂದ ಇಳಿದವನ ಹತ್ತಿರ ಯಾರೂ ಸುಮ್ನೆ ಬಂದು ಮಾತಾಡುವುದಿಲ್ಲ. ಸೈಕಲ್ ನಿಲ್ಲಿಸಿ ಬೆವರು ಒರೆಸಿಕೊಳ್ಳುತ್ತಿದ್ದರೆ ಅವರೇ ಬಂದು, ಹಿಂದೆ ಕಟ್ಟಿರುವುದು ತೋಪಾ ಅಂತ ಕೇಳುತ್ತಾರೆ. ಸಂಜೆಯ ಹೊತ್ತಿಗೆ ಸುದ್ದಿ ಹರಡಿರುತ್ತದೆ, ನಾವು ಯಾರನ್ನೂ ಕರೆಯಬೇಕಾಗಿಲ್ಲ. ಜಾನ್ ಡಾಬ್ಸನ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ವೇದಾಂತ ಮಠದಲ್ಲಿ ಸನ್ಯಾಸಿಯಾಗಿದ್ದ ಮನುಷ್ಯ, ಗುಜರಿ ಗಾಜು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆ ಪ್ಲೈವುಡ್ ಸೇರಿಸಿ ಟೆಲಿಸ್ಕೋಪ್ ಕಟ್ಟಿ, ಸ್ಯಾನ್ ಫ್ರಾನ್ಸಿಸ್ಕೋದ ಫುಟ್‌ಪಾತಿನಲ್ಲಿ ನಿಂತು ದಾರಿಹೋಕರಿಗೆ ತೋರಿಸುತ್ತಿದ್ದರು. 1968ರಲ್ಲಿ ಅದಕ್ಕೊಂದು ಗುಂಪೂ ಆಯಿತು. ಜನ ವೀಕ್ಷಣಾಲಯಕ್ಕೆ ಬರಲಿ ಅಂತ ಅವರು ಕಾಯಲಿಲ್ಲ.

ಸೈಕಲ್ಲಿನಿಂದ ಇನ್ನೊಂದು ಲಾಭವಿದೆ, ಇದನ್ನು ಯಾರೂ ಬರೆಯುವುದಿಲ್ಲ. ದೂರ ಅಂದರೆ ಏನು ಅಂತ ಹೇಳಿಕೊಡಲು ಅದು ಸಿಗುತ್ತದೆ. ‘ಚಂದ್ರನಿಗೆ ಸೈಕಲ್ಲಲ್ಲಿ ಹೋದರೆ ಎಷ್ಟು ದಿನ?’ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಸರಾಸರಿ 3,84,400 ಕಿಲೋಮೀಟರ್, ದಿನಕ್ಕೆ ನೂರು ತುಳಿದರೆ ಹತ್ತೂವರೆ ವರ್ಷ. ಪರವಾಗಿಲ್ಲ, ಹೋಗಿಬರಬಹುದು ಅನ್ನುತ್ತಾರೆ! ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್, ಅಂದರೆ ನಾಲ್ಕು ಸಾವಿರ ವರ್ಷಕ್ಕೂ ಜಾಸ್ತಿ. ಇಲ್ಲಿ ಸ್ವಲ್ಪ ಗಲಾಟೆ ಕಡಿಮೆಯಾಗುತ್ತದೆ. ಸೂರ್ಯನನ್ನು ಬಿಟ್ಟರೆ ಅತಿ ಹತ್ತಿರದ ನಕ್ಷತ್ರಕ್ಕೆ? ಬೆಳಕಿಗೇ 4.2 ವರ್ಷ ಬೇಕು, ಸೈಕಲ್ಲಿಗೆ ನೂರು ಕೋಟಿ ವರ್ಷವೂ ಸಾಲದು. ಸೊನ್ನೆಗಳನ್ನು ಬೋರ್ಡಿನ ಮೇಲೆ ಬರೆದರೆ ಯಾರಿಗೂ ಏನೂ ಅನ್ನಿಸುವುದಿಲ್ಲ, ದೂಳು ಹಿಡಿದ ಸೈಕಲ್ ಪಕ್ಕದಲ್ಲೇ ಇದ್ದಾಗ ಮಕ್ಕಳು ಅದರ ಪೆಡಲ್ ನೋಡುತ್ತಾ ಲೆಕ್ಕ ಹಾಕುತ್ತಾರೆ.

ಈಗ ನಿಮ್ಮಿಂದ ಬೇಕಾದದ್ದು. ಮೊದಲನೆಯದಾಗಿ, ಮಂಗಳ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವ ಸುದ್ದಿಯನ್ನು ದಯವಿಟ್ಟು ಹಾಕಬೇಡಿ. 2003ರ ಆಗಸ್ಟಿನಲ್ಲಿ ಮಂಗಳ ಹತ್ತಿರ ಬಂದದ್ದು ನಿಜ, ಆಗಲೂ ಅದು ಬರಿಗಣ್ಣಿಗೆ ಒಂದು ಚುಕ್ಕಿಯೇ. ಆ ಸುದ್ದಿ ಮಾತ್ರ ಇನ್ನೂ ಸತ್ತಿಲ್ಲ. ‘ಗ್ರಹಗಳ ಮೆರವಣಿಗೆ’ಯದ್ದೂ ಅಷ್ಟೇ. ಗ್ರಹಗಳು ಯಾವಾಗಲೂ ಆಕಾಶದ ಒಂದೇ ಪಟ್ಟಿಯಲ್ಲಿ ಓಡಾಡುತ್ತವೆ, ಮೂರು ನಾಲ್ಕು ಒಟ್ಟಿಗೆ ಕಾಣುವುದು ಅಂಥ ಅಪರೂಪವೇನಲ್ಲ. ಸೂರ್ಯನ ವಿಷಯ ಬರೆಯುವಾಗಲೆಲ್ಲ, ಫಿಲ್ಟರ್ ಟೆಲಿಸ್ಕೋಪಿನ ಮುಂಭಾಗಕ್ಕೆ ಹಾಕಬೇಕು, ಕಣ್ಣಿಡುವ ಕಡೆಗಲ್ಲ ಅನ್ನುವ ಒಂದು ಸಾಲು ಸೇರಿಸಿ. ಕಣ್ಣು ಹೋಗುವ ವಿಷಯ ಇದು.

ಮತ್ತೆ, ವಾರಕ್ಕೊಮ್ಮೆ ನಾಲ್ಕು ಸಾಲಿನ ಜಾಗ ಕೊಡಿ. ಚಂದ್ರ ಎಷ್ಟು ಹೊತ್ತಿಗೆ ಮುಳುಗುತ್ತಾನೆ, ಯಾವ ಗ್ರಹ ಯಾವ ದಿಕ್ಕಿನಲ್ಲಿ, ಸಣ್ಣ ಟೆಲಿಸ್ಕೋಪಿನಲ್ಲಿ ಅದು ನಿಜವಾಗಿ ಹೇಗೆ ಕಾಣುತ್ತದೆ, ಇಷ್ಟು ಸಾಕು. ಮೊದಲೇ ಓದಿಕೊಂಡವರು ಸಿಕ್ಕಿದರೆ ನಮ್ಮ ಅರ್ಧ ಕೆಲಸ ಮುಗಿದಂತೆ. ಅವರೇ ಎದುರಿಗಿನ ದೀಪ ಆರಿಸಿಬಿಡುತ್ತಾರೆ, ಯಾಕೆಂದರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು ಅಂತ ಅವರಿಗೆ ಗೊತ್ತಿರುತ್ತದೆ. ಬರೆದುಕೊಡುವವರು ಇಲ್ಲ ಅಂದರೆ ತಿಳಿಸಿ, ವಾರ ವಾರ ನಾನೇ ಬರೆದು ಕಳಿಸುತ್ತೇನೆ. ಸಂಭಾವನೆ ಬೇಡ.

ಇಂತಿ,
ನಿಮ್ಮ ಓದುಗ