ಗ್ಯಾಲರಿಯ ಬಾಗಿಲಿಗೊಂದು ಬೋರ್ಡು ಹಾಕಿಸಿ, ಸಚಿವರೇ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,
ವಿಧಾನಸೌಧ, ಬೆಂಗಳೂರು.

ಸ್ವಾಮಿ, ನಮಸ್ಕಾರ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಆಗ ಮಕ್ಕಳನ್ನು ಕಟ್ಟಿಕೊಂಡು ಈ ಊರಿನ ಚಿತ್ರಶಾಲೆಗಳನ್ನು ಸುತ್ತುತ್ತಿದ್ದೆ, ಈಗ ನನ್ನ ಅಕ್ಕನನ್ನು ಕರೆದುಕೊಂಡು ಸುತ್ತುತ್ತೇನೆ. ತಮ್ಮಲ್ಲಿ ನನ್ನದೊಂದು ಸಣ್ಣ ಬೇಡಿಕೆ ಇದೆ: ನೋಡಲು ಬಂದವರಿಗೆ ಏನೇನು ಮಾಡಿಕೊಡುತ್ತೇವೆ ಅಂತ ಹೇಳುವ ಒಂದು ಬೋರ್ಡನ್ನು ಚಿತ್ರಶಾಲೆಗಳ ಬಾಗಿಲಲ್ಲಿ ಹಾಕಿಸಿ. ಹೆಚ್ಚು ಖರ್ಚಿನದಲ್ಲ, ಕಡತ ಹಣಕಾಸು ಇಲಾಖೆಗೆ ಹೋಗಿ ಅಲ್ಲಿ ಮಲಗುವ ಭಯ ಬೇಡ.

ಯಾವುದಾದರೂ ನಾಡಕಚೇರಿಗೆ ಹೋಗಿ ನೋಡಿ. ಗೋಡೆಯ ಮೇಲೆ ಸಕಾಲದ ಬೋರ್ಡು ಇರುತ್ತದೆ. ಜಾತಿ ಪ್ರಮಾಣಪತ್ರ ಎಷ್ಟು ದಿನದಲ್ಲಿ ಸಿಗಬೇಕು, ಆದಾಯದ್ದು ಎಷ್ಟು ದಿನ, ತಡವಾದರೆ ಮೇಲ್ಮನವಿ ಯಾರಿಗೆ ಕೊಡಬೇಕು, ಎಲ್ಲ ಬರೆದಿರುತ್ತದೆ. ಸರ್ಕಾರಿ ಸೇವೆಯನ್ನು ಇಂತಿಷ್ಟು ದಿನದಲ್ಲಿ ಕೊಡಲೇಬೇಕು ಅನ್ನುವ 2011ರ ಕಾಯ್ದೆಯ ಫಲ ಅದು. ಕೆಲಸ ಹೇಳಿದ ದಿನಕ್ಕೇ ಆಗುತ್ತದೋ ಇಲ್ಲವೋ, ಆ ಬೋರ್ಡಿನಿಂದ ಒಂದಂತೂ ಆಗಿದೆ. ಮೊದಲು ಕೌಂಟರಿನ ಮುಂದೆ ಕೈಕಟ್ಟಿ ‘ಸ್ವಲ್ಪ ನೋಡಿ ಸಾರ್’ ಅನ್ನುತ್ತಿದ್ದ ಜನ ಈಗ ‘ದಿನ ಮುಗೀತಲ್ಲ, ಎಲ್ಲಿ ನಮ್ದು?’ ಅನ್ನುತ್ತಾರೆ.

ಚಿತ್ರಶಾಲೆಯ ಬಾಗಿಲಲ್ಲೂ ಬೋರ್ಡು ಇರುತ್ತದೆ, ಇಲ್ಲ ಅನ್ನುವುದಿಲ್ಲ. ಮುಟ್ಟಬಾರದು. ಫೋಟೊ ತೆಗೆಯಬಾರದು. ಬ್ಯಾಗು ಹೊರಗಿಡಿ. ತಿಂಡಿ ಒಳಗೆ ತರಬಾರದು. ಮಾತನಾಡಬಾರದು. ಬಂದವರು ಏನೇನು ಮಾಡಬಾರದು ಅನ್ನುವುದು ಒಂದೂ ಬಿಡದೆ ಇದೆ. ಬಂದವರಿಗೆ ಇವರು ಏನು ಮಾಡಿಕೊಡುತ್ತಾರೆ ಅನ್ನುವುದಕ್ಕೆ ಒಂದು ಸಾಲೂ ಇಲ್ಲ.

ಎಲ್ಲ ಕಡೆಯೂ ಹೀಗೇ ಅಂತ ಹೇಳಲಾರೆ. ಚೆನ್ನಾಗಿ ನಡೆಯುತ್ತಿರುವ ಕಡೆ ನಾನೇ ಕೂತು ಮಧ್ಯಾಹ್ನಗಳನ್ನು ಕಳೆದಿದ್ದೇನೆ. ಈಗ ಹೇಳುವ ಅನುಭವ ನಗರದ ಒಂದು ಸಾರ್ವಜನಿಕ ಗ್ಯಾಲರಿಯದು. ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯ ಕೆಳಗಿನ ನೌಕರನಿಗೆ ಒಂದು ನೋಟಿಸು ಹೋಗುತ್ತದೆ, ಅಷ್ಟಕ್ಕೆ ವಿಷಯ ಮುಗಿಯುತ್ತದೆ.

ನಿವೃತ್ತಿಗೆ ಎರಡು ವರ್ಷ ಇದ್ದಾಗ ಎಂಟನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಚಿತ್ರದ ಪಕ್ಕದ ಚೀಟಿಗಳೆಲ್ಲ ಇಂಗ್ಲಿಷಿನಲ್ಲಿ. ಒಬ್ಬ ಹುಡುಗ ಗೋಡೆಯುದ್ದಕ್ಕೂ ಕೂಡಿಸಿಕೊಂಡು ಓದುತ್ತಾ ಹೋದವನು ಓಡಿಬಂದು, “ಸಾರ್, ಈ ಅನ್‌ಟೈಟಲ್ಡ್ ಅನ್ನೋರು ತುಂಬಾ ಬರ್ದಿದಾರೆ ಸಾರ್, ಐದು ಪೇಂಟಿಂಗ್ ಅವರದ್ದೇ!” ಅಂದ. ನಾನು ನಕ್ಕುಬಿಟ್ಟೆ. ಆಮೇಲೆ ನಾಚಿಕೆಯಾಯಿತು. ಇನ್ನೊಬ್ಬಳಿಗೆ ‘ಮಿಕ್ಸ್ಡ್ ಮೀಡಿಯಾ’ ಅಂದರೆ ಟಿವಿಯವರೂ ಪೇಪರಿನವರೂ ಸೇರಿ ಮಾಡಿದ್ದು. ಬೇರೆಬೇರೆ ಸಾಮಗ್ರಿ ಬೆರೆಸಿ ಮಾಡಿದ ಚಿತ್ರ ಅಂತ ಅದರ ಅರ್ಥ. ತಪ್ಪು ಆ ಮಕ್ಕಳದಲ್ಲ. ‘ಹೆಸರಿಟ್ಟಿಲ್ಲ’ ಅಂತ ಕನ್ನಡದಲ್ಲಿ ಬರೆಯಲು ಎಷ್ಟು ಶಾಯಿ ಬೇಕು? ‘ಬಟ್ಟೆಯ ಮೇಲೆ ಎಣ್ಣೆಬಣ್ಣ’, ‘ಕಾಗದದ ಮೇಲೆ ಜಲವರ್ಣ’ ಅನ್ನುವ ಮಾತುಗಳನ್ನು ನಾವು ಪಾಠ ಹೇಳುವಾಗ ದಿನಾ ಬಳಸುತ್ತೇವೆ, ಹೊಸದಾಗಿ ಟಂಕಿಸಬೇಕಿಲ್ಲ. ಬಸ್ಸಿನ ಬೋರ್ಡು, ಅಂಗಡಿಯ ನಾಮಫಲಕ ಕನ್ನಡದಲ್ಲಿರಬೇಕು ಅಂತ ನಾವು ಗಟ್ಟಿಯಾಗಿ ಹೇಳುತ್ತೇವೆ, ಸರಿ. ನಾಲ್ಕು ಇಂಚು ಅಗಲದ ಈ ಚೀಟಿ ಮಾತ್ರ ಯಾರ ಕಣ್ಣಿಗೂ ಬಿದ್ದಿಲ್ಲ.

ಅದೇ ದಿನ ಮಕ್ಕಳು ಸ್ಕೆಚ್ ಪುಸ್ತಕ ತೆಗೆದು ನೆಲದ ಮೇಲೆ ಕೂತರು. ಕಾವಲಿನವರು ಬಂದು “ಇಲ್ಲಿ ಕೂರಂಗಿಲ್ಲ, ಏಳಿ” ಅಂದರು. ಪೆನ್ಸಿಲ್ಲೇ ತಂದಿದ್ದೇವೆ, ಇಂಕಿಲ್ಲ ಅಂದೆ. “ಅದೆಲ್ಲ ನಂಗೊತ್ತಿಲ್ಲ ಸಾರ್, ಆರ್ಡರ್ ಇಲ್ಲ.” ಕೂರಬಾರದು ಅನ್ನುವುದಕ್ಕೂ ಆರ್ಡರ್ ಇರಲಿಲ್ಲ ಅನ್ನುವುದು ಬೇರೆ ಮಾತು. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಗುತ್ತಿಗೆಯ ಕೆಲಸ, ಬೆಳಗ್ಗೆ ಹತ್ತರಿಂದ ನಿಂತೇ ಇರಬೇಕು, ಅವರಿಗೂ ಒಂದು ಕುರ್ಚಿ ಕೊಟ್ಟಿರಲಿಲ್ಲ. ಆಮೇಲೆ ಹೊರಗೆ ಟೀ ಅಂಗಡಿಯಲ್ಲಿ ಸಿಕ್ಕರು. ಮಾತಾಡುತ್ತಾ, “ಒಳಗಿನ ರೂಮಲ್ಲಿ ಒಂದು ನೀಲಿ ಚಿತ್ರ ಐತಲ್ಲ ಸಾರ್, ಅದರ ಮುಂದೆ ಜನ ಸುಮ್ನೆ ನಿಂತ್ಬಿಡ್ತಾರೆ. ಒಬ್ಬಮ್ಮ ಅತ್ತಿದ್ದೂ ನೋಡಿದೀನಿ. ಏನೈತೆ ಅದರಲ್ಲಿ?” ಅಂದರು. ಯಾವ ಚಿತ್ರದ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆ ಅನ್ನುವ ಲೆಕ್ಕ ಇರುವುದು ಅವರೊಬ್ಬರ ಹತ್ತಿರ. ಅವರನ್ನು ಯಾರೂ ಕೇಳಿಲ್ಲ, ಅವರಿಗೆ ಯಾರೂ ಏನೂ ಹೇಳಿಕೊಟ್ಟಿಲ್ಲ. ವರ್ಷಕ್ಕೆ ಎರಡು ದಿನ ಕೂರಿಸಿಕೊಂಡು ಗೋಡೆಯ ಮೇಲಿರುವ ಚಿತ್ರಗಳ ಕಥೆ ಹೇಳಿದರೆ ಸಾಕು, ನಾಳೆ ‘ಏಳಿ’ ಅನ್ನುವ ಬಾಯಲ್ಲೇ ‘ಇದು ಇಂಥವರು ಬರೆದದ್ದು’ ಅನ್ನುವ ಮಾತು ಬಂದೀತು.

ಇನ್ನು ಬೆಳಕಿನ ವಿಷಯ. ಇದರಲ್ಲಿ ನಾನು ಎರಡು ಪಕ್ಷದ ಪರವಾಗಿಯೂ ವಾದ ಮಾಡುವವನು. ಮೊದಲ ಸಲ ಅಕ್ಕನಿಗೆ ಜಲವರ್ಣಗಳನ್ನು ತೋರಿಸಿದಾಗ, “ಅಲ್ಲ ಕಣೋ, ಕರೆಂಟ್ ಬಿಲ್ ಉಳ್ಸೋಕೆ ಹಿಂಗೆ ಕತ್ತಲೇಲಿ ಇಟ್ಟಿದಾರಾ?” ಅಂದಳು. ಹಾಗಲ್ಲ. ಕಾಗದದ ಮೇಲಿನ ಬಣ್ಣ ಬೆಳಕಿಗೆ ಮಾಸುತ್ತದೆ, ಮಾಸಿದ್ದು ಮತ್ತೆ ಬರುವುದಿಲ್ಲ. ಅದಕ್ಕೇ ಜಲವರ್ಣಗಳಿಗೆ ಸುಮಾರು 50 ಲಕ್ಸ್ (ಲಕ್ಸ್ ಅಂದರೆ ಬೆಳಕನ್ನು ಅಳೆಯುವ ಮಾನ) ಬೆಳಕು ಸಾಕು ಅನ್ನುವುದು ಜಗತ್ತಿನ ಸಂಗ್ರಹಾಲಯಗಳು ಪಾಲಿಸುವ ರೂಢಿ. ಕಚೇರಿಯ ಮೇಜಿನ ಮೇಲೆ ಬೀಳುವ ಬೆಳಕು 300ರಿಂದ 500 ಲಕ್ಸ್ ಇರುತ್ತದೆ ಅಂದರೆ ಲೆಕ್ಕ ಹಾಕಿ. ಇಷ್ಟನ್ನು ಕೋಣೆಯ ಬಾಗಿಲಲ್ಲಿ ಎರಡು ಸಾಲು ಬರೆದಿಟ್ಟಿದ್ದರೆ ಅಕ್ಕ ಗೊಣಗುತ್ತಿರಲಿಲ್ಲ. ಕಣ್ಣು ಹೊಂದಿಕೊಳ್ಳಲಿ ಅಂತ ಎರಡು ನಿಮಿಷ ನಿಲ್ಲುತ್ತಿದ್ದಳು. ಕಾರಣ ಗೊತ್ತಾದರೆ ನಮ್ಮ ಜನ ಕತ್ತಲನ್ನೂ ಸಹಿಸುತ್ತಾರೆ. ಆದರೆ ನಾನು ಹೇಳಿದ ಗ್ಯಾಲರಿಯಲ್ಲಿ ಆಗಿದ್ದು ಇದರ ತಲೆಕೆಳಗು. ಗಾಜು ಹಾಕಿದ ಚಿತ್ರಗಳ ಎದುರು ನೇರವಾಗಿ ಟ್ಯೂಬ್‌ಲೈಟು. ಚಿತ್ರ ನೋಡಹೋದರೆ ಒಳಗೆ ಟ್ಯೂಬ್‌ಲೈಟು, ಅದರ ಕೆಳಗೆ ನನ್ನ ಬೋಳುತಲೆ. ಎಡಕ್ಕೆ ಸರಿದರೆ ಚಿತ್ರದ ಎಡಭಾಗ, ಬಲಕ್ಕೆ ಸರಿದರೆ ಬಲಭಾಗ. ಪೂರ್ತಿ ಚಿತ್ರ ನಾನು ನೋಡಲೇ ಇಲ್ಲ.

ನಮ್ಮಲ್ಲಿರುವುದು ಸಾಮಾನ್ಯ ಚಿತ್ರಗಳಲ್ಲ ಸ್ವಾಮಿ. ಕೆ. ವೆಂಕಟಪ್ಪನವರು 1886ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಕೈಕೆಳಗೆ ಕಲಿತರು, ಊರಿಗೆ ಬಂದು ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತರು. ಊಟಿಯ ಬೆಟ್ಟದ ಮೇಲೆ ಮಂಜು ಏರುವುದನ್ನು ಅವರು ಜಲವರ್ಣದಲ್ಲಿ ಹಿಡಿದ ಹಾಗೆ ಹಿಡಿಯಲು ನನ್ನ ಕೈಯಲ್ಲಿ ಮೂವತ್ತು ವರ್ಷದಲ್ಲಿ ಆಗಲಿಲ್ಲ. ಕಸ್ತೂರ್‌ಬಾ ರಸ್ತೆಯ ಚಿತ್ರಶಾಲೆ ಅವರ ಹೆಸರಿನಲ್ಲೇ ಇದೆ. ಉಡುಪಿ ಕಡೆಯ ಕಟ್ಟಿಂಗೇರಿಯಿಂದ ಮುಂಬೈಗೆ ಹೋಗಿ ಹೆಸರಾದ ಕೆ. ಕೆ. ಹೆಬ್ಬಾರರ ಚಿತ್ರಗಳೂ ಆ ಕಟ್ಟಡದ ಸಂಗ್ರಹಕ್ಕೆ ಸೇರಿವೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಮೈಸೂರು ಶೈಲಿಯ ಚಿತ್ರಗಳಿವೆ, ತೊಗಲುಗೊಂಬೆಗಳಿವೆ, ರಷ್ಯಾದ ಚಿತ್ರಕಾರ ರೋರಿಕ್‌ರು ಬರೆದ ಹಿಮಾಲಯವಿದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ನಡೆಯುತ್ತಿದೆ, ಅದು ಕೇಂದ್ರದ್ದು. ಹೀಗೆ ಒಂದು ಒಬ್ಬರದು, ಇನ್ನೊಂದು ಇನ್ನೊಬ್ಬರದು, ಎಲ್ಲವೂ ತಮ್ಮ ಸಹಿಯ ಕೆಳಗೆ ಬರುವುದಿಲ್ಲ ಅಂತ ನನಗೂ ಗೊತ್ತು. ಆದರೆ ಟಿಕೆಟು ಕೈಯಲ್ಲಿ ಹಿಡಿದವನಿಗೆ ಯಾವ ಇಲಾಖೆ ಅನ್ನುವುದು ಕಾಣುವುದಿಲ್ಲ. ತಾವು ತಮ್ಮ ಕೈಕೆಳಗಿನ ಕಡೆ ಶುರು ಮಾಡಿ, ಉಳಿದವರಿಗೆ ಒಂದು ಪತ್ರ ಬರೆಯಿರಿ.

ದೂರದಿಂದ ಬರುವವರ ಒಂದು ಕಷ್ಟ ಇದೆ. ಧಾರವಾಡದಿಂದಲೋ ಕಲಬುರಗಿಯಿಂದಲೋ ಒಬ್ಬ ಹುಡುಗಿ ರಾತ್ರಿ ಬಸ್ಸು ಹತ್ತಿ ಒಂದು ಚಿತ್ರ ನೋಡಲೆಂದೇ ಬರುತ್ತಾಳೆ. ಬಂದರೆ ಆ ಗೋಡೆಯಲ್ಲಿ ಮೊಳೆ ಮಾತ್ರ. ಚಿತ್ರಗಳನ್ನು ಆಗಾಗ ಇಳಿಸಿ ವಿಶ್ರಾಂತಿ ಕೊಡಬೇಕು, ನಿಜ, ಬೆಳಕಿನ ಕಾರಣಕ್ಕೇ. ಇಳಿಸಿದ್ದೇವೆ, ಇಂಥ ತಿಂಗಳು ಮತ್ತೆ ಹಾಕುತ್ತೇವೆ ಅನ್ನುವ ಚೀಟಿ ಬೇಡವೇ? ಅಥವಾ ಫೋನ್ ಮಾಡಿ ಕೇಳಿದರೆ ಎತ್ತುವ ಒಂದು ಕೈ?

ಅಕ್ಕನ ವಿಷಯಕ್ಕೆ ಬರುತ್ತೇನೆ. ಎಪ್ಪತ್ತು ದಾಟಿದೆ, ಶುಗರ್ ಇದೆ, ಮಂಡಿ ನೋವು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಅವಳಿಗೆ ಊರು ಸುತ್ತುವ ಹುಮ್ಮಸ್ಸು. ಅದೇ ಗ್ಯಾಲರಿಗೆ ಕರೆದುಕೊಂಡು ಹೋದೆ. ಮೂರು ಕೋಣೆ ದಾಟಿದರೂ ಕೂರಲು ಒಂದು ಬೆಂಚಿಲ್ಲ. ಲಿಫ್ಟಿನ ಮೇಲೆ ‘ದುರಸ್ತಿಯಲ್ಲಿದೆ’ ಅಂತ ಅಂಟಿಸಿದ ಹಾಳೆ, ಅದರ ಅಕ್ಷರವೇ ಬಿಸಿಲಿಗೆ ಮಾಸಿ ಹೋಗಿತ್ತು. ಶೌಚಾಲಯಕ್ಕೆ ಬೀಗ. ಬೀಗದ ಕೈ ಇರುವವರು ಊಟಕ್ಕೆ ಹೋಗಿದ್ದಾರೆ, ಎರಡು ಗಂಟೆಗೆ ಬರುತ್ತಾರೆ. ಶುಗರ್ ಇರುವವರಿಗೆ ಎರಡು ಗಂಟೆಯವರೆಗೆ ಕಾಯಿ ಅನ್ನುವುದು ಎಂಥ ಮಾತು ಅಂತ ವಿವರಿಸಬೇಕಿಲ್ಲ. ಹೊರಗೆ ಬಂದು ಹೋಟೆಲ್ ಹುಡುಕಿಕೊಂಡು ಹೋದೆವು, ಬೇಕಿಲ್ಲದ ಕಾಫಿ ಕುಡಿದೆವು. ಅಕ್ಕ ಅಂದಳು: “ಬಸ್ಸೇ ವಾಸಿ ಕಣೋ. ಕಾಸೂ ಇಲ್ಲ, ಸೀಟೂ ಸಿಗ್ತು.”

ಗಾಲಿಕುರ್ಚಿಯಲ್ಲಿ ಬರುವವರ ಪಾಡು ಇನ್ನೂ ಬೇರೆ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ, ಅದರ ನಿಯಮಗಳು 2017ರಲ್ಲಿ. ಆಗಲೇ ಇದ್ದ ಸಾರ್ವಜನಿಕ ಕಟ್ಟಡಗಳನ್ನು ಅವರು ಓಡಾಡುವಂತೆ ಮಾಡಲು ಕಾಯ್ದೆ ಕೊಟ್ಟ ಅವಕಾಶ ಐದು ವರ್ಷ. ಗಡುವು 2022ಕ್ಕೇ ಮುಗಿದಿದೆ. ಇದು ನನ್ನ ಬೇಡಿಕೆಯ ಪಟ್ಟಿಯಲ್ಲಿಲ್ಲ, ಕಾನೂನಿನಲ್ಲೇ ಇದೆ.

ಜನ ಬರುವುದಿಲ್ಲ, ಬಂದರೆ ಸೌಲಭ್ಯ ಮಾಡೋಣ ಅನ್ನುವ ಉತ್ತರವನ್ನು ಒಬ್ಬ ಅಧಿಕಾರಿಯ ಬಾಯಿಂದ ಕೇಳಿದ್ದೇನೆ. ಜನವರಿಯಲ್ಲಿ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಗೆ ಹೋಗಿ ನೋಡಿ. 2003ರಲ್ಲಿ ಶುರುವಾದದ್ದು, ಈಗ ಕಾಲಿಡಲು ಜಾಗವಿರುವುದಿಲ್ಲ. ಕಡಲೆಕಾಯಿ ತಿನ್ನುತ್ತಾ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಜನ ಚಿತ್ರ ನೋಡುತ್ತಾರೆ, ಬರೆದವನನ್ನೇ ‘ಇದು ಏನು’ ಅಂತ ಕೇಳುತ್ತಾರೆ, ಅವನು ಹೇಳುತ್ತಾನೆ. ಅಲ್ಲಿ ಅಷ್ಟು ಜನ ಇರುವವರು ಗ್ಯಾಲರಿಯ ಒಳಗೆ ಯಾಕೆ ಬರುವುದಿಲ್ಲ ಅಂದರೆ, ಒಳಗೆ ಕೇಳಲು ಯಾರೂ ಇಲ್ಲ. 2016ರಲ್ಲಿ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಒಪ್ಪಂದದ ವಿರುದ್ಧ ಕಲಾವಿದರು ಬೀದಿಗಿಳಿದಾಗ ‘ಇದು ನಮ್ಮದು’ ಅನ್ನುವ ಮಾತು ಎಲ್ಲರ ಬಾಯಲ್ಲೂ ಇತ್ತು. ನಮ್ಮದು ಅಂದ ಮೇಲೆ ನಮ್ಮ ಮನೆಗೆ ಬಂದವರಿಗೆ ಒಂದು ಲೋಟ ನೀರು, ಕೂರಲು ಒಂದು ಜಾಗ ಕೊಡುವುದೂ ನಮ್ಮದೇ.

ಆ ಬೋರ್ಡಿನಲ್ಲಿ ಏನು ಬರೆಸಬೇಕು ಅಂತ ತಾವು ಕೇಳಿದರೆ ಹೇಳುತ್ತೇನೆ. ದೊಡ್ಡ ಮಾತು ಬೇಡ, ‘ವಿಶ್ವದರ್ಜೆ’ ಅನ್ನುವ ಪದವಂತೂ ಬೇಡವೇ ಬೇಡ. ಇಷ್ಟು ಗಂಟೆಗೆ ತೆರೆಯುತ್ತೇವೆ, ಊಟದ ಹೊತ್ತಿನಲ್ಲೂ ಶೌಚಾಲಯ ತೆರೆದಿರುತ್ತದೆ. ಪ್ರತಿ ಕೋಣೆಯಲ್ಲೂ ಕೂರಲು ಬೆಂಚಿದೆ. ಪ್ರತಿ ಚಿತ್ರದ ವಿವರ ಕನ್ನಡದಲ್ಲಿದೆ, ಅಕ್ಷರ ಕನ್ನಡಕ ಹಾಕಿದವರಿಗೂ ಕಾಣುವಷ್ಟು ದಪ್ಪವಿದೆ. ಪೆನ್ಸಿಲ್ಲಿನಲ್ಲಿ ಚಿತ್ರ ಬರೆಯಬಹುದು, ನೆಲದ ಮೇಲೆ ಕೂತು ಬರೆದರೂ ಸರಿ. ಫ್ಲಾಶ್ ಇಲ್ಲದೆ ಮೊಬೈಲಿನಲ್ಲಿ ಫೋಟೊ ತೆಗೆಯಬಹುದು, ತೆಗೆಯಬಾರದ ಕಡೆ ಯಾಕೆ ಅಂತ ಬರೆದಿರುತ್ತೇವೆ. ಶಾಲೆಯವರು ಮೊದಲೇ ತಿಳಿಸಿದರೆ ಒಬ್ಬರು ಜೊತೆಗೆ ಬಂದು ವಿವರಿಸುತ್ತಾರೆ. ಪ್ರದರ್ಶನಕ್ಕೆ ಹಾಲ್ ಕೇಳಿದ ಕಲಾವಿದರಿಗೆ ಇಷ್ಟು ದಿನದೊಳಗೆ ಹೌದೋ ಅಲ್ಲವೋ ಹೇಳುತ್ತೇವೆ. ದೂರು ಬರೆದರೆ ಇಷ್ಟು ದಿನದಲ್ಲಿ ಉತ್ತರ ಕೊಡುತ್ತೇವೆ. ಕೆಳಗೆ ಒಬ್ಬ ಅಧಿಕಾರಿಯ ಹುದ್ದೆ, ಫೋನ್ ನಂಬರು.

ಕೊನೆಯ ಆ ದೂರಿನ ಸಾಲನ್ನು ಸುಮ್ಮನೆ ಸೇರಿಸಿಲ್ಲ. ಮಕ್ಕಳನ್ನು ಕರೆದುಕೊಂಡು ಹೋದ ದಿನ ಅಲ್ಲಿಯ ಸಂದರ್ಶಕರ ಪುಸ್ತಕದಲ್ಲಿ ಟ್ಯೂಬ್‌ಲೈಟಿನ ವಿಷಯ, ಕನ್ನಡ ಚೀಟಿಯ ವಿಷಯ ಬರೆದು, ಕೆಳಗೆ ಫೋನ್ ನಂಬರೂ ಕೊಟ್ಟಿದ್ದೆ. ಮೇಜಿಗೆ ದಾರದಿಂದ ಕಟ್ಟಿದ ಪೆನ್ನು, ಅರ್ಧ ವಾಕ್ಯಕ್ಕೆ ಶಾಯಿ ನಿಂತಿತು, ಉಳಿದದ್ದನ್ನು ಒಬ್ಬ ಹುಡುಗನ ಪೆನ್ಸಿಲ್ಲಿನಲ್ಲಿ ಮುಗಿಸಿದೆ. ಅಕ್ಕನ ಜೊತೆ ಹೋದಾಗ ಅದೇ ಪುಸ್ತಕ ಅದೇ ಮೇಜಿನ ಮೇಲಿತ್ತು. ಪುಟ ತಿರುಗಿಸಿದೆ. ನನ್ನ ಬರಹ ಹಾಗೇ ಇದೆ, ಅರ್ಧ ನೀಲಿ, ಅರ್ಧ ಬೂದು. ಪಕ್ಕದಲ್ಲಿ ಒಂದು ಸರಿ ಗುರುತೂ ಇಲ್ಲ, ಒಂದು ಸಹಿಯೂ ಇಲ್ಲ. ಕೆಳಗೆ ಇನ್ನೊಬ್ಬರು ‘ತುಂಬಾ ಚೆನ್ನಾಗಿದೆ’ ಅಂತ ಬರೆದಿದ್ದಾರೆ, ಅದಕ್ಕೂ ಯಾರೂ ಏನೂ ಹೇಳಿಲ್ಲ.

ತಮ್ಮ ಕಚೇರಿಯಿಂದ ಕಬ್ಬನ್ ಪಾರ್ಕಿನ ಒಳಗಿಂದ ನಡೆದರೆ ಕಸ್ತೂರ್‌ಬಾ ರಸ್ತೆ ದೂರವಲ್ಲ. ಒಂದು ದಿನ ಬೆಂಗಾವಲು ಬಿಟ್ಟು, ಟಿಕೆಟು ಕೊಂಡು, ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಯಾವುದಾದರೂ ಒಂದು ಗ್ಯಾಲರಿಗೆ ಹೋಗಿಬನ್ನಿ. ಮಧ್ಯಾಹ್ನ ಒಂದೂವರೆ ಗಂಟೆಯ ಹೊತ್ತಿಗೆ ಹೋದರೆ ಒಳ್ಳೆಯದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು
ಹನುಮಂತನಗರ, ಬೆಂಗಳೂರು